ಜಪಾನಿನ ಹಳ್ಳಿ ರೈಲಿನ ಮಾದರಿ: ಹಳಿ ಪಕ್ಕದ ಹುಲ್ಲು, ಗದ್ದೆ, ಗಿಡಮರ ಮಾಡುವ ಬಗೆ

ಜಪಾನಿನ ಮಾದರಿ ರೈಲುಗಳು ತುಂಬ ಅಚ್ಚುಕಟ್ಟಾಗಿರುತ್ತವೆ. ಬಾಗಿಲಿನ ಹಿಡಿ, ಚಾವಣಿಯ ಗಾಳಿಕಿಂಡಿ, ಬೋಗಿಯ ನಂಬರು, ಎಲ್ಲವೂ ಇರಬೇಕಾದ ಜಾಗದಲ್ಲೇ ಇರುತ್ತವೆ. ಅಂಥ ರೈಲನ್ನು ಓಡಿಸುವ ಹಲಗೆಯ ಮೇಲೆ ಸುಮ್ನೆ ಹಸಿರು ಪುಡಿ ಉದುರಿಸಿ, ನಾಲ್ಕು ಸಿದ್ಧ ಮರ ನೆಟ್ಟುಬಿಟ್ಟರೆ ಸಾಕಾಗುವುದಿಲ್ಲ. ರೈಲು ಜಪಾನಿನದು, ನೆಲ ಇನ್ನೆಲ್ಲಿಯದೋ ಅನ್ನಿಸುತ್ತದೆ. ಹಳ್ಳಿ ರೈಲಿನ ಸೊಗಸೆಲ್ಲ ಹಳಿಯಿಂದ ಇಪ್ಪತ್ತು ಮೀಟರ್ ಒಳಗಿರುವ ಹುಲ್ಲು, ಬದು, ಬಳ್ಳಿ, ಬಿದಿರಿನಲ್ಲಿದೆ. ಅದನ್ನು ಸರಿಯಾಗಿ ಮಾಡಿದರೆ ಒಂದೇ ಬೋಗಿ ಓಡಿದರೂ ಊರು ಕಣ್ಣಿಗೆ ಕಟ್ಟುತ್ತದೆ.

ಇದಕ್ಕೆ ನಾನು ನಂಬಿಕೊಂಡಿರುವ ದಾರಿ ಒಂದೇ. ಯಾವ ಗಿಡ ಹಾಕಲಿ ಅಂತ ಯೋಚಿಸುವ ಮೊದಲು, ಈ ಜಾಗದ ಹುಲ್ಲನ್ನು ಯಾರು ಕೊಯ್ಯುತ್ತಾರೆ, ಕೊನೆಯ ಸಲ ಯಾವಾಗ ಕೊಯ್ದರು ಅಂತ ಕೇಳಿಕೊಳ್ಳಿ. ಜಪಾನಿನ ಹಳಿ ಪಕ್ಕದ ನೆಲ ಕಾಡಲ್ಲ. ಹಳಿಗೆ ಅಂಟಿದ ಪಟ್ಟಿಯನ್ನು ರೈಲಿನವರು ಕೊಯ್ಯುತ್ತಾರೆ. ಗದ್ದೆಯ ಬದುವನ್ನು ರೈತರು ಕೊಯ್ಯುತ್ತಾರೆ. ಇವೆರಡರ ನಡುವೆ ಯಾರಿಗೂ ಸೇರದ ಒಂದು ಪಟ್ಟಿ ಉಳಿಯುತ್ತದೆ. ಅಲ್ಲಿ ಆಳೆತ್ತರದ ಕಳೆ ಬೆಳೆಯುತ್ತದೆ. ಈ ಮೂರು ಪಟ್ಟಿಗಳ ಎತ್ತರ ಬೇರೆ, ಬಣ್ಣ ಬೇರೆ, ಗಿಡವೂ ಬೇರೆ. ಇದೊಂದು ತಲೆಯಲ್ಲಿದ್ದರೆ ಉಳಿದ ಕೆಲಸ ಸಲೀಸು.

ಹೆಜ್ಜೆ 1: ಜಾಗ ಮತ್ತು ವಾರ ಗೊತ್ತುಮಾಡಿ

"ಜಪಾನಿನ ಹಳ್ಳಿ" ಅಂದರೆ ಸಾಲದು. ಯಾವ ಊರಿನ ಕಡೆಯದು, ಯಾವ ತಿಂಗಳ ಯಾವ ವಾರ ಅಂತ ಹಲಗೆಯ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಡಿ. ಮುಂದೆ ಅನುಮಾನ ಬಂದಾಗಲೆಲ್ಲ ಅದನ್ನು ನೋಡಿಕೊಳ್ಳಬಹುದು.

ಈ ಲೇಖನಕ್ಕೆ ನಾನು ಆರಿಸಿಕೊಂಡಿರುವುದು ಟೋಕಿಯೊ ಪಕ್ಕದ ಚಿಬಾ ಪ್ರಾಂತ್ಯದ ಬೋಸೋ ಪರ್ಯಾಯ ದ್ವೀಪ. ಅಲ್ಲಿ ಕೊಮಿನಾತೊ ರೈಲ್ವೆ ಅಂತ ಒಂದು ಖಾಸಗಿ ಮಾರ್ಗವಿದೆ. ಗೋಯಿಯಿಂದ ಕಾಜುಸಾ-ನಕಾನೊವರೆಗೆ 39.1 ಕಿಲೋಮೀಟರ್. ವಿದ್ಯುತ್ ತಂತಿ ಇಲ್ಲ, ಡೀಸೆಲ್ ಬೋಗಿಗಳೇ ಓಡುವುದು. 1961ರಿಂದ 1977ರವರೆಗೆ ತಯಾರಾದ ಕಿಹಾ 200 ಬೋಗಿಗಳು ಕೆನೆ ಮತ್ತು ಕೆಂಪು ಬಣ್ಣದಲ್ಲಿ ಈ ಸಾಲಿನ ಗುರುತಾಗಿವೆ. ಹಳೆಯ ಮರದ ನಿಲ್ದಾಣಗಳೂ ಉಳಿದಿವೆ. ಅವುಗಳಲ್ಲಿ ಹಲವನ್ನು 2017ರಲ್ಲಿ ಸಾಂಸ್ಕೃತಿಕ ಆಸ್ತಿ ಅಂತ ಸರ್ಕಾರ ನೋಂದಾಯಿಸಿತು. ತಗ್ಗು ಗುಡ್ಡಗಳು, ಅವುಗಳ ಸಂದಿಯಲ್ಲಿ ಅಂಕುಡೊಂಕಾದ ಸಣ್ಣ ಸಣ್ಣ ಗದ್ದೆಗಳು, ಗದ್ದೆಯ ಅಂಚಿಗೇ ಬಂದು ನಿಲ್ಲುವ ಬಿದಿರು. ಚಿಕ್ಕ ಹಲಗೆಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಬಯಲು ಸೀಮೆಯಲ್ಲಿ ಯಂತ್ರಕ್ಕೆ ಹೊಂದುವಂತೆ ನೇರಮಾಡಿದ ಗದ್ದೆ ಒಂದೊಂದೂ 100 ಮೀಟರ್ ಉದ್ದ, 30 ಮೀಟರ್ ಅಗಲ ಇರುತ್ತದೆ. ಅಂಥದ್ದರ ಒಂದು ಮೂಲೆ ಮಾತ್ರ ನಮ್ಮ ಹಲಗೆಯಲ್ಲಿ ಹಿಡಿಸುತ್ತದೆ.

ವಾರ: ಸೆಪ್ಟೆಂಬರ್ ಕೊನೆಯದು. ಹಗಲು ರಾತ್ರಿ ಸಮವಾಗುವ 23ನೇ ತಾರೀಖಿನ ಆಸುಪಾಸು. ಆ ವಾರ ಬೋಸೋದಲ್ಲಿ ಭತ್ತದ ಕೊಯ್ಲು ಬಹುಪಾಲು ಮುಗಿದಿರುತ್ತದೆ. ಚಿಬಾದಲ್ಲಿ ನಾಟಿಯೂ ಬೇಗ, ಕೊಯ್ಲೂ ಬೇಗ. ಬದುವಿನ ಮೇಲೆ ಹಿಗಾನ್‌ಬಾನ ಅನ್ನುವ ಕೆಂಪು ಹೂ ಸಾಲುಗಟ್ಟಿ ಅರಳಿರುತ್ತದೆ. ಹಸಿರು ಇನ್ನೂ ಗಾಢವಾಗಿಯೇ ಇದ್ದು, ಅಂಚಿನಲ್ಲಿ ಮಾತ್ರ ಹಳದಿ ಇಣುಕುತ್ತಿರುತ್ತದೆ.

ಹೆಜ್ಜೆ 2: ಅಳತೆ

ಜಪಾನಿನಲ್ಲಿ ಎನ್ ಸ್ಕೇಲ್ ಅನ್ನುವ ಮಾದರಿ ಅಳತೆ 1:150, ಅಂದರೆ ನಿಜದ ನೂರೈವತ್ತರಲ್ಲಿ ಒಂದು ಪಾಲು. ಬೇರೆ ದೇಶಗಳಲ್ಲಿ 1:160 ಜಾಸ್ತಿ. ಶಿಂಕಾನ್ಸೆನ್, ಅಂದರೆ ಬುಲೆಟ್ ರೈಲಿನ ಮಾದರಿಗಳು ಜಪಾನಿನಲ್ಲೂ 1:160ರಲ್ಲೇ ಬರುತ್ತವೆ, ಆದರೆ ಹಳ್ಳಿ ರೈಲಿಗೆ 150 ಅಂತಲೇ ಹಿಡಿಯಿರಿ. ಎಚ್‌ಒ ಅನ್ನುವ ದೊಡ್ಡ ಅಳತೆಯಲ್ಲಿ ಮಾಡುವವರು 1:80ಕ್ಕೆ ಲೆಕ್ಕ ಹಾಕಬೇಕು. ಅಂದರೆ ಇಲ್ಲಿ ಕೊಟ್ಟಿರುವ ಅಳತೆಗಳನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿದರೆ ಆಯಿತು.

60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಹಲಗೆ ತೆಗೆದುಕೊಂಡರೆ ಅದು ನಿಜದಲ್ಲಿ 90 ಮೀಟರ್‌ಗೆ 45 ಮೀಟರ್ ಜಾಗ. 20 ಮೀಟರ್ ಬೋಗಿ 13 ಸೆಂ.ಮೀ. ಆಗುತ್ತದೆ. ಮನುಷ್ಯ ಒಂದು ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ. ಮೊಣಕಾಲೆತ್ತರದ ಹುಲ್ಲು 3 ಮಿ.ಮೀ. ಅಂಗಡಿಯಲ್ಲಿ ಸಿಗುವ 6 ಮಿ.ಮೀ. ಕೃತಕ ಹುಲ್ಲಿನ ಎಳೆಯನ್ನು ಹಳಿ ಪಕ್ಕದಲ್ಲೆಲ್ಲ ಹಾಕಿದರೆ ಅದು ಸೊಂಟಮಟ್ಟದ ಹುಲ್ಲಾಗುತ್ತದೆ. ಮಾದರಿಗಳು ಎಡವುವುದು ಹೆಚ್ಚಾಗಿ ಇಲ್ಲೇ.

ಇನ್ನೊಂದು ವಿಷಯ. ಜಪಾನಿನ ಈ ಹಳಿಗಳ ಅಗಲ 1067 ಮಿ.ಮೀ. 1:150ಕ್ಕೆ ಇಳಿಸಿದರೆ 7.1 ಮಿ.ಮೀ. ಆಗಬೇಕು. ಆದರೆ ಎನ್ ಸ್ಕೇಲ್ ಹಳಿ 9 ಮಿ.ಮೀ. ಇರುತ್ತದೆ. ಹಾಗಾಗಿ ಮಾದರಿಯ ಹಳಿ ಯಾವಾಗಲೂ ತುಸು ಅಗಲವಾಗಿ ಕಾಣುತ್ತದೆ. ಇದನ್ನು ಸರಿಮಾಡಲು ಹಳಿ ಬದಲಿಸಬೇಕಿಲ್ಲ. ಕಳೆಯನ್ನು ಸ್ಲೀಪರ್‌ಗಳ ತುದಿಯ ಮೇಲೆ ಅಲ್ಲಲ್ಲಿ ಹತ್ತಿಸಿ. ಸ್ಲೀಪರ್ ಎಷ್ಟು ಉದ್ದ ಅಂತ ಕಣ್ಣಿಗೆ ಗೊತ್ತಾಗದೆ ಹೋದರೆ ಹಳಿ ತಾನಾಗಿಯೇ ಸಣ್ಣದಾಗಿ ಕಾಣುತ್ತದೆ.

ಹೆಜ್ಜೆ 3: ಪಟ್ಟಿಗಳನ್ನು ಗೆರೆ ಎಳೆದು ಗುರುತಿಸಿ

ಗಟ್ಟಿ ಫೋಮ್ ಹಲಗೆ ಬಳಸಿ. ಮಣಿ ಮಣಿ ಉದುರುವ ಮಾಮೂಲಿ ಥರ್ಮೊಕೋಲ್ ಬೇಡ, ಇಳಿಜಾರು ಕೆತ್ತುವಾಗ ಅಂಚು ಮುರಿಯುತ್ತದೆ. ಹಳಿಯನ್ನು ಹಲಗೆಯ ಅಂಚಿಗೆ ಸಮಾನವಾಗಿ ಹಾಕದೆ ಸ್ವಲ್ಪ ಓರೆಯಾಗಿ ಹಾಕಿ. ಗದ್ದೆ ಇರುವ ಕಡೆ ಮುಂಭಾಗ, ಗುಡ್ಡ ಹಿಂಭಾಗ.

ಈಗ ಹಳಿಯ ನಡುಗೆರೆಯಿಂದ ಮುಂದಕ್ಕೆ ಅಳೆಯಿರಿ. ಮೊದಲ 17 ಮಿ.ಮೀ. ಸಮತಟ್ಟು. ಇದರಲ್ಲಿ ಜಲ್ಲಿ ಮತ್ತು ಅದರ ಪಕ್ಕ ಒಬ್ಬ ಮನುಷ್ಯ ನಡೆಯುವಷ್ಟು ಕಾಲುದಾರಿ ಸೇರಿದೆ. ಈ ಕಾಲುದಾರಿಗೆ ಜಪಾನಿನಲ್ಲಿ ಇನುಬಾಶಿರಿ ಅನ್ನುತ್ತಾರೆ. ಹಳಿ ತಪಾಸಣೆಗೆ ಬರುವವರು ನಡೆಯುವುದು ಇದರ ಮೇಲೇ. ಆಮೇಲೆ ಇಳಿಜಾರು. ಗದ್ದೆಗಿಂತ ಹಳಿ ಒಂದೂವರೆ ಮೀಟರ್ ಮೇಲಿದೆ ಅಂದುಕೊಳ್ಳಿ. ಅದು 10 ಮಿ.ಮೀ. ಎತ್ತರ. ಮಣ್ಣಿನ ಏರಿಯ ಇಳಿಜಾರು ಒಂದು ಅಡಿ ಇಳಿದರೆ ಒಂದೂವರೆ ಅಡಿ ಮುಂದೆ ಹೋಗುವ ಲೆಕ್ಕದಲ್ಲಿರುತ್ತದೆ. ಹಾಗಾಗಿ ಇನ್ನೊಂದು 15 ಮಿ.ಮೀ. ಬಿಡಿ. ಇಳಿಜಾರಿನ ಕೆಳಗೆ 2-3 ಮಿ.ಮೀ. ಅಗಲದ ಕಾಂಕ್ರೀಟ್ ಚರಂಡಿ. ಅದರಾಚೆ ಗದ್ದೆಯ ಬದು, ಆಮೇಲೆ ಗದ್ದೆ.

ಇಳಿಜಾರಿನ ಮೇಲರ್ಧ ರೈಲಿನವರದು, ಅಂದರೆ ಗಿಡ್ಡ ಹುಲ್ಲು. ಕೆಳಗಿನ ಅರ್ಧ ಮತ್ತು ಚರಂಡಿಯ ಅಂಚು ಯಾರೂ ಕೈಹಾಕದ ಜಾಗ. ಬದು ರೈತರದು, ಮತ್ತೆ ಗಿಡ್ಡ. ಈ ಗೆರೆಗಳನ್ನು ಫೋಮ್ ಮೇಲೆಯೇ ಸ್ಕೆಚ್ ಪೆನ್ನಿನಲ್ಲಿ ಎಳೆದು "ಗಿಡ್ಡ", "ಎತ್ತರ", "ಗಿಡ್ಡ" ಅಂತ ಬರೆದುಬಿಡಿ.

ಹೆಜ್ಜೆ 4: ನೆಲ ಮತ್ತು ಜಲ್ಲಿ

ಮಣ್ಣಿಗೆ ನಿಮ್ಮ ಮನೆಯ ಹತ್ತಿರದ ಮಣ್ಣೇ ಸಾಕು. ಸಣ್ಣ ಜರಡಿಯಲ್ಲಿ ಜಾಲಿಸಿ, ಬಾಣಲೆಯಲ್ಲಿ ಹುರಿದು ಇಟ್ಟುಕೊಳ್ಳಿ. ಹುರಿಯದಿದ್ದರೆ ಮಳೆಗಾಲದಲ್ಲಿ ಬೂಷ್ಟು ಬರುತ್ತದೆ. ಆದರೆ ನಮ್ಮ ಕೆಮ್ಮಣ್ಣು ಹಾಗೇ ಹಾಕಬೇಡಿ. ಗದ್ದೆಗೆ ಬೂದು ಮಿಶ್ರಿತ ಕಂದು ಬೇಕು. ಕಪ್ಪು, ಬಿಳಿ ಅಕ್ರಿಲಿಕ್ ಬಣ್ಣ ಬೆರೆಸಿದ ನೀರಿನಿಂದ ಕೆಂಪನ್ನು ಇಳಿಸಿಕೊಳ್ಳಿ.

ಜಲ್ಲಿ ತೆಳುವಾಗಿರಲಿ. ಶಿಂಕಾನ್ಸೆನ್ ಹಾದಿಯ ಹಾಗೆ ಚೂಪಾದ ಅಂಚಿನ ದಪ್ಪ ಜಲ್ಲಿ ಹಳ್ಳಿ ಸಾಲಿನಲ್ಲಿ ಇರುವುದಿಲ್ಲ. ಜಲ್ಲಿಯ ಅಂಚು ಎಲ್ಲಿ ಮುಗಿಯಿತು, ಮಣ್ಣು ಎಲ್ಲಿ ಶುರುವಾಯಿತು ಅಂತ ಸರಿಯಾಗಿ ಹೇಳಲಾಗಬಾರದು. ಪ್ಲಾಸ್ಟಿಕ್ ತಳವಿರುವ ಸಿದ್ಧ ಹಳಿ ಬಳಸುವುದಾದರೆ ತಳದ ಎರಡೂ ಪಕ್ಕ ಮಣ್ಣು ಏರಿಸಿ ಮುಚ್ಚಿ. ಟೋಮಿಕ್ಸ್ ಕಂಪನಿಯ ಹಳಿಯ ತಳ ಕಾಟೊ ಕಂಪನಿಯದಕ್ಕಿಂತ ಕಿರಿದು, ಹಳ್ಳಿ ಸಾಲಿಗೆ ಅದೇ ವಾಸಿ. ಹಳಿಯ ಪಕ್ಕಗಳಿಗೆ ತುಕ್ಕಿನ ಕಂದು ಹಚ್ಚಿ, ಮೇಲ್ಭಾಗವನ್ನು ಒರೆಸಿಬಿಡಿ. ಬ್ರೇಕಿನ ಕಬ್ಬಿಣದ ಧೂಳು ಬಿದ್ದು ನಿಲ್ದಾಣದ ಹತ್ತಿರ ಜಲ್ಲಿ ಕಂದು ತಿರುಗುತ್ತದೆ. ಡೀಸೆಲ್ ಬೋಗಿ ನಿಲ್ಲುವ ಜಾಗದಲ್ಲಿ ಹಳಿಗಳ ನಡುವೆ ಎಣ್ಣೆಯ ಕಪ್ಪು ಕಲೆ ಇರುತ್ತದೆ.

ಜಲ್ಲಿಯೊಳಗಿನ ಕಳೆಯಲ್ಲಿ ಮುಖ್ಯವಾದದ್ದು ಸುಗಿನಾ, ಇಂಗ್ಲಿಷಿನಲ್ಲಿ ಹಾರ್ಸ್‌ಟೇಲ್. ಬೇರು ಆಳಕ್ಕೆ ಹೋಗುತ್ತದೆ, ಕಿತ್ತರೂ ಬರುತ್ತದೆ. ಗೇಣುದ್ದದ ತಿಳಿಹಸಿರು ಗಿಡ. ಮಾದರಿಯಲ್ಲಿ ಒಂದು ಮಿ.ಮೀ. ಆಸುಪಾಸು. ತುಂಬ ಸಣ್ಣ ಸ್ಪಾಂಜ್ ಪುಡಿಯನ್ನು ಚಿಟಿಕೆಯಷ್ಟು ತೆಗೆದುಕೊಂಡು ಸ್ಲೀಪರ್ ತುದಿಗಳ ಹತ್ತಿರ ಬಿಟ್ಟು ಬಿಟ್ಟು ಹಾಕಿ. ಹಳಿಗಳ ನಡುವೆ ಹಾಕಿದರೆ ಹಳಿಯ ಮಟ್ಟಕ್ಕಿಂತ ಮೇಲೆ ಬರದ ಹಾಗೆ ನೋಡಿಕೊಳ್ಳಿ. ರೈಲಿನ ಅಡಿ ತಾಗಿ ಎತ್ತರದ್ದು ಅಲ್ಲಿ ಉಳಿಯುವುದೇ ಇಲ್ಲ.

ಅಂಟಿಗೆ ಫೆವಿಕಾಲ್ ಒಂದು ಪಾಲು, ನೀರು ಮೂರು ಪಾಲು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ. ಲಿಕ್ವಿಡ್ ಹಾಕದಿದ್ದರೆ ಅಂಟು ಜಲ್ಲಿಯೊಳಗೆ ಇಳಿಯದೆ ಗೋಲಿಯಾಗಿ ಮೇಲೇ ನಿಲ್ಲುತ್ತದೆ.

ಹೆಜ್ಜೆ 5: ಬದು ಮತ್ತು ಕೆಂಪು ಹೂ

ಇಡೀ ಹಲಗೆಯಲ್ಲಿ ನೋಡುವವರ ಕಣ್ಣು ಮೊದಲು ಹೋಗುವುದು ಇಲ್ಲಿಗೆ. ನಿಧಾನವಾಗಿ ಮಾಡಿ.

ಹಿಗಾನ್‌ಬಾನ ಗಡ್ಡೆಯಿಂದ ಬರುವ ಗಿಡ. ಗಡ್ಡೆಯಲ್ಲಿ ವಿಷವಿದೆ. ಬದು ತೂತು ಮಾಡುವ ಇಲಿ, ಹೆಗ್ಗಣದಂಥವು ಹತ್ತಿರ ಬಾರದಿರಲಿ ಅಂತ ಹಿಂದಿನವರು ಬದುವಿನ ಉದ್ದಕ್ಕೂ ಇದನ್ನು ನೆಟ್ಟರು. ಅದಕ್ಕೇ ಅದು ಕಾಡುಹೂವಿನ ಹಾಗೆ ಚೆಲ್ಲಾಪಿಲ್ಲಿ ಇರುವುದಿಲ್ಲ. ಬದುವಿನ ಗುಂಟ ಸಾಲಾಗಿ, ಅಲ್ಲಲ್ಲಿ ಗುಂಪಾಗಿ ಇರುತ್ತದೆ. ಸ್ಮಶಾನದ ಬಳಿ, ದಾರಿ ಬದಿಯ ಕಲ್ಲಿನ ಜಿಜೊ ವಿಗ್ರಹದ ಬುಡದಲ್ಲೂ ಕಾಣುತ್ತದೆ.

ಇದರ ಎರಡು ಗುಣ ಮಾದರಿ ಮಾಡುವವರಿಗೆ ಮುಖ್ಯ. ಒಂದು, ಹೂ ಬಿಟ್ಟಾಗ ಎಲೆ ಇರುವುದಿಲ್ಲ. ಬೋಳು ಹಸಿರು ಕಡ್ಡಿಯ ತುದಿಯಲ್ಲಿ ಹೂ. ಹೂ ಬಾಡಿದ ಮೇಲೆ ಎಲೆ ಬಂದು ಚಳಿಗಾಲವೆಲ್ಲ ಇರುತ್ತದೆ. ಹಾಗಾಗಿ ಹೂವಿನ ಕೆಳಗೆ ಹಸಿರು ಪೊದೆ ಮಾಡಿದರೆ ತಪ್ಪು. ಎರಡು, ಹೂ ಏಳುವ ಮುಂಚೆ ರೈತರು ಬದುವನ್ನು ಕೊಯ್ದಿರುತ್ತಾರೆ. ಆಮೇಲೆ ಕಡ್ಡಿ ಮೇಲೇಳುತ್ತದೆ. ಹೀಗಾಗಿ ಕೆಳಗೆ ನುಣ್ಣಗೆ ಕೊಯ್ದ ಹುಲ್ಲು, ಅದರ ಮೇಲೆ ಮೊಣಕಾಲೆತ್ತರದಲ್ಲಿ ಕೆಂಪು ಹೂವಿನ ಪದರ, ಇವೆರಡರ ನಡುವೆ ಬರೀ ತೆಳು ಕಡ್ಡಿಗಳು. ದೂರದಿಂದ ಕೆಂಪು ನೆಲಕ್ಕೆ ತಾಗದೆ ತೇಲಿದ ಹಾಗೆ ಕಾಣುವುದು ಇದರಿಂದಲೇ.

ಮಾಡುವುದು ಹೀಗೆ. ಬದುವಿನ ಮೇಲೆ ಮೊದಲು ಸಣ್ಣ ಸ್ಪಾಂಜ್ ಪುಡಿ ಅಥವಾ ಒಂದು ಮಿ.ಮೀ. ಎಳೆ ಹಾಕಿ ಒಣಗಿಸಿ. ಬಣ್ಣ ತಿಳಿಹಸಿರು, ಜೊತೆಗೆ ಸ್ವಲ್ಪ ಒಣಹುಲ್ಲಿನ ಬಣ್ಣ. ಆಮೇಲೆ ಹಲ್ಲುಕಡ್ಡಿಯ ತುದಿಯಿಂದ ನೀರು ಬೆರೆಸದ ಅಂಟನ್ನು ಸಾಲಾಗಿ ಚುಕ್ಕಿ ಇಡಿ. ಅದರ ಮೇಲೆ 3 ಮಿ.ಮೀ.ಗಿಂತ ಮೀರದ ಹಸಿರು ಎಳೆಯನ್ನು ಸ್ಟ್ಯಾಟಿಕ್ ಗ್ರಾಸ್ ಸಲಕರಣೆಯಿಂದ, ಅಂದರೆ ಸ್ಥಿರ ವಿದ್ಯುತ್ತಿನಿಂದ ಎಳೆ ನಿಲ್ಲಿಸುವ ಸಾಧನದಿಂದ, ನೆಟ್ಟಗೆ ನಿಲ್ಲಿಸಿ. ಉದ್ದ ಎಳೆ ಇದ್ದರೆ ನಿಲ್ಲಿಸಿದ ಮೇಲೆ ಕತ್ತರಿಸಿಕೊಳ್ಳಿ. ಎಳೆ ದಟ್ಟವಾಗಬಾರದು. ಜಾಸ್ತಿಯಾದರೆ ಚಿಮಟದಿಂದ ಕಿತ್ತು ತೆಗೆಯಿರಿ. ಪೂರ್ತಿ ಒಣಗಿದ ಮೇಲೆ ಒಂದು ಚಪ್ಪಟೆ ಸ್ಪಾಂಜ್ ತುಂಡಿಗೆ ಅಂಟು ಸವರಿ ಎಳೆಗಳ ತುದಿಗೆ ಮಾತ್ರ ತಾಗಿಸಿ. ಕೂಡಲೇ ಕೆಂಪು ಬಣ್ಣ ಹಾಕಿ ಒಣಗಿಸಿದ ಸಣ್ಣ ಪುಡಿ ಉದುರಿಸಿ, ಹಲಗೆಯನ್ನು ತಿರುಗಿಸಿ ತಟ್ಟಿಬಿಡಿ. ತುದಿಯಲ್ಲಿ ಹಿಡಿದದ್ದು ಉಳಿಯುತ್ತದೆ, ಉಳಿದದ್ದು ಬೀಳುತ್ತದೆ. ಕೆಂಪಿನಲ್ಲಿ ಕುಂಕುಮದ ಗಾಢತನವಿರಲಿ, ಗುಲಾಬಿಯತ್ತ ಹೋಗಬಾರದು.

ಎಷ್ಟು ಹಾಕಬೇಕು? ಹಲಗೆಯಲ್ಲಿ ಒಂದು ಬದುವಿಗೆ ಪೂರ್ತಿ ಸಾಲು, ಇನ್ನೊಂದಕ್ಕೆ ಎರಡು ಮೂರು ಗುಂಪು. ಅಷ್ಟೇ. ಎಲ್ಲ ಬದುವಿಗೂ ಹಾಕಿದರೆ ಪ್ರವಾಸದ ಪೋಸ್ಟರ್ ಆಗುತ್ತದೆ, ಊರು ಕಾಣುವುದಿಲ್ಲ.

ಹೆಜ್ಜೆ 6: ಕೊಯ್ಲಾದ ಗದ್ದೆ

ಜಪಾನಿನಲ್ಲಿ ನಾಟಿ ಯಂತ್ರದ್ದು. ಸಾಲಿನಿಂದ ಸಾಲಿಗೆ 30 ಸೆಂ.ಮೀ., ಅಂದರೆ ಮಾದರಿಯಲ್ಲಿ ಸರಿಯಾಗಿ 2 ಮಿ.ಮೀ. ಒಂದೇ ಸಾಲಿನ ಬುಡಗಳ ನಡುವೆ ಸುಮಾರು ಒಂದು ಮಿ.ಮೀ. ಗದ್ದೆಯ ಜಾಗಕ್ಕೆ ಮಣ್ಣು ಮತ್ತು ಅಂಟು ಕಲಸಿದ ತೆಳು ಪದರ ಬಳಿಯಿರಿ. ಅರ್ಧ ಒಣಗಿದಾಗ 2 ಮಿ.ಮೀ. ಅಂತರದ ಹಲ್ಲಿರುವ ಬಾಚಣಿಗೆಯನ್ನು ಅಳತೆಪಟ್ಟಿಗೆ ಒತ್ತಿಕೊಂಡು ಎಳೆಯಿರಿ. ಸಾಲು ನೇರ ಇರಲೇಬೇಕು. ಬದು ಎಷ್ಟೇ ಡೊಂಕಾಗಿದ್ದರೂ ಯಂತ್ರದ ಸಾಲು ನೇರವೇ. ಬದುವಿನ ಡೊಂಕು ಮತ್ತು ಸಾಲಿನ ನೇರ ಎರಡೂ ಒಟ್ಟಿಗೆ ಕಂಡಾಗಲೇ ಅದು ಬೋಸೋದ ಗದ್ದೆ ಅನ್ನಿಸುವುದು.

ಗೆರೆಗಳ ಏಣಿನ ಮೇಲೆ ಅಂಟು ಸವರಿ ಸಣ್ಣ ಎಳೆ ಹಾಕಿ. ಬುಡಕ್ಕೆ ಒಣಹುಲ್ಲಿನ ಬಣ್ಣ, ತುದಿಗೆ ಎಳೆ ಹಸಿರು. ಕೊಯ್ದ ಬುಡದಿಂದ ಕೆಲವೇ ದಿನದಲ್ಲಿ ಕೂಳೆ ಚಿಗುರುತ್ತದೆ. ಸೆಪ್ಟೆಂಬರ್ ಕೊನೆಗೆ ಕೊಯ್ದ ಗದ್ದೆಯೂ ಮತ್ತೆ ಹಸಿರಾಗಿ ಕಾಣುತ್ತದೆ. ಭತ್ತ ಬೆಳೆಯುವ ನಾಡಿನವರಾದ ನಮಗೆ ಇದನ್ನು ಹೇಳಿಕೊಡಬೇಕಿಲ್ಲ ಅಲ್ವಾ. ಕೊನೆಗೆ ಕತ್ತರಿಸಿದ ಒಣಹುಲ್ಲಿನ ಪುಡಿಯನ್ನು ಸಾಲುಗಳ ನಡುವೆ ತೆಳುವಾಗಿ ಹರಡಿ. ಕೊಯ್ಲು ಯಂತ್ರ ಹುಲ್ಲನ್ನು ಕತ್ತರಿಸಿ ಗದ್ದೆಗೇ ಚೆಲ್ಲಿಬಿಡುತ್ತದೆ.

ಹೆಜ್ಜೆ 7: ಯಾರೂ ಕೊಯ್ಯದ ಪಟ್ಟಿ

ಇಲ್ಲಿ ಮೂರು ಗಿಡಗಳದೇ ಕಾರುಬಾರು: ಸುಸುಕಿ, ಸೇತಾಕಾ-ಅವಾದಾಚಿಸೋ, ಕುಜು.

ಸುಸುಕಿ ಅಂದರೆ ತೆನೆ ಬಿಡುವ ಎತ್ತರದ ಹುಲ್ಲು. ಒಂದರಿಂದ ಎರಡು ಮೀಟರ್ ಎತ್ತರ. ಮಾದರಿಯಲ್ಲಿ 7ರಿಂದ 13 ಮಿ.ಮೀ. ಹಾಸಿನ ಹಾಗೆ ಹರಡುವುದಿಲ್ಲ, ಗುತ್ತಿ ಗುತ್ತಿಯಾಗಿ ಏಳುತ್ತದೆ. ಬುಡ ಒತ್ತಾಗಿ, ಮೇಲೆ ಹೊರಗೆ ಬಾಗಿರುತ್ತದೆ. ಇದರ ತೆನೆ ಬೆಳ್ಳಗೆ ಹೊಳೆಯುವ ಚಿತ್ರಗಳನ್ನೇ ಎಲ್ಲರೂ ನೋಡಿರುವುದು. ಅದು ಅಕ್ಟೋಬರ್ ಕೊನೆಯಿಂದ ನವೆಂಬರ್‌ನ ನೋಟ. ಸೆಪ್ಟೆಂಬರ್‌ನಲ್ಲಿ ಹೊಸದಾಗಿ ಬಿಚ್ಚಿಕೊಳ್ಳುವ ತೆನೆ ಕೆಂಪು ಮಿಶ್ರಿತ ಕಂದು. ನಮ್ಮ ಹಲಗೆಗೆ ಆ ಬಣ್ಣವೇ ಬೇಕು. ತೆಂಗಿನ ನಾರಿನ ಸಣ್ಣ ಎಳೆಗಳನ್ನು ಹಸಿರು ಬಣ್ಣದಲ್ಲಿ ಅದ್ದಿ ಒಣಗಿಸಿ, ಹತ್ತು ಹದಿನೈದು ಎಳೆ ಸೇರಿಸಿ ಬುಡಕ್ಕೆ ಅಂಟು ಹಾಕಿ ಹಿಂಡಿ. ಒಣಗಿದ ಮೇಲೆ ಬೇಕಾದ ಎತ್ತರಕ್ಕೆ ಕತ್ತರಿಸಿ, ಮೂರು ನಾಲ್ಕು ಎಳೆಯ ತುದಿಗೆ ಮಾತ್ರ ಕಂದು ಪುಡಿ ಹಿಡಿಸಿ. ತೂತು ಮಾಡಿ ನೆಡಿ.

ಸೇತಾಕಾ-ಅವಾದಾಚಿಸೋ ಉತ್ತರ ಅಮೆರಿಕದಿಂದ ಬಂದ ಗೋಲ್ಡನ್‌ರಾಡ್ ಗಿಡ. ಎರಡನೇ ಮಹಾಯುದ್ಧದ ನಂತರ ಖಾಲಿ ಜಾಗ, ನದಿ ದಂಡೆ, ರೈಲು ಹಾದಿಯ ಗುಂಟ ದೇಶವಿಡೀ ಹಬ್ಬಿತು. ನೆಟ್ಟನೆಯ ಕಡ್ಡಿ, ಒತ್ತೊತ್ತಾಗಿ ನಿಲ್ಲುತ್ತದೆ. ಇದರ ಹಳದಿ ಹೂ ಅಕ್ಟೋಬರ್, ನವೆಂಬರ್‌ನಲ್ಲಿ. ಸೆಪ್ಟೆಂಬರ್ ಕೊನೆಗೆ ಬರೀ ಹಸಿರು ಮೊಗ್ಗು. ಕೆಂಪು ಹಿಗಾನ್‌ಬಾನ, ಬಿಳಿ ಸುಸುಕಿ, ಹಳದಿ ಅವಾದಾಚಿಸೋ ಮೂರನ್ನೂ ಒಂದೇ ಹಲಗೆಯಲ್ಲಿ ಹಾಕಬೇಕು ಅನ್ನುವ ಆಸೆ ಬರುತ್ತದೆ. ಹಾಕಬೇಡಿ. ಜಪಾನಿನವರು ನೋಡಿದರೆ ತಿಂಗಳು ತಪ್ಪಿದ್ದು ಮೊದಲ ನೋಟಕ್ಕೇ ಗೊತ್ತಾಗುತ್ತದೆ. ಕಡು ಹಸಿರು ಬಣ್ಣ ಹಚ್ಚಿದ ಬ್ರಷ್ ಕೂದಲನ್ನು 10 ಮಿ.ಮೀ. ಉದ್ದಕ್ಕೆ ಕತ್ತರಿಸಿ, ಮೇಲಿನ ಮುಕ್ಕಾಲು ಭಾಗಕ್ಕೆ ಪುಡಿ ಹಿಡಿಸಿದರೆ ಇದು ಸಿದ್ಧ.

ಕುಜು ಬಳ್ಳಿ. ಇಳಿಜಾರು, ಬೇಲಿ, ಕಂಬ, ಮರ, ಸಿಕ್ಕಿದ್ದನ್ನೆಲ್ಲ ಹೊದೆಯುತ್ತದೆ. ಎಲೆ ಅಂಗೈ ಅಗಲ. ಮಾದರಿಯಲ್ಲಿ ಒಂದು ಮಿ.ಮೀ. ದಿಂಬಿನ ಹತ್ತಿಯನ್ನು ಜೇಡರ ಬಲೆಯಷ್ಟು ತೆಳ್ಳಗೆ ಎಳೆದು ಹಸಿರು ಬಣ್ಣ ಸಿಂಪಡಿಸಿ, ಇಳಿಜಾರಿನಿಂದ ಕಂಬದವರೆಗೆ ಹೊದಿಸಿ. ಮೇಲೆ ಅಂಟು ಸಿಂಪಡಿಸಿ ಎಲೆಚೂರು ಉದುರಿಸಿ. ಇದಕ್ಕೆ ಸ್ಪಾಂಜ್ ಪುಡಿಗಿಂತ ಚಪ್ಪಟೆ ಚೂರು ಚೆನ್ನ. ಒಣಗಿದ ಎಲೆಯನ್ನು ಪುಡಿಮಾಡಿ, ಜಾಲಿಸಿ, ಬಣ್ಣ ಹಾಕಿಕೊಳ್ಳಬಹುದು. ಒಳಗಿರುವ ಆಕಾರ ಪೂರ್ತಿ ಮುಚ್ಚಬಾರದು. ಕುಜು ಕೆಳಗೆ ಒಂದು ಹಳೆಯ ಬೇಲಿ ಇದೆ ಅಂತ ಗೊತ್ತಾಗಬೇಕು.

ಸ್ಟ್ಯಾಟಿಕ್ ಗ್ರಾಸ್ ಸಲಕರಣೆಯನ್ನು ಸೊಳ್ಳೆ ಬ್ಯಾಟ್‌ನಿಂದ ಮಾಡಿಕೊಳ್ಳುವವರು ನಮ್ಮಲ್ಲಿ ಇದ್ದಾರೆ. ಮಾಡಬಹುದು, ಆದರೆ ಅದರೊಳಗಿನ ಕೆಪಾಸಿಟರ್ ಸ್ವಿಚ್ ಆಫ್ ಮಾಡಿದ ಮೇಲೂ ಶಾಕ್ ಹೊಡೆಯುತ್ತದೆ. ಎಲೆಕ್ಟ್ರಾನಿಕ್ಸ್ ಗೊತ್ತಿರುವವರ ಕೈಯಲ್ಲೇ ಮಾಡಿಸಿ.

ಹೆಜ್ಜೆ 8: ಹಿಂದಿನ ಗುಡ್ಡ

ಹಳಿಯ ಇನ್ನೊಂದು ಪಕ್ಕ ಬಿದಿರು ಮತ್ತು ಸುಗಿ ಮರ. ನಾವು ಮಲೆನಾಡಿನಲ್ಲಿ ನೋಡುವ ಬಿದಿರು ಮೆಳೆಯಾಗಿ, ನೂರಾರು ಗಳ ಒಂದೇ ಬುಡದಲ್ಲಿ ಒತ್ತಿಕೊಂಡು ಬೆಳೆಯುತ್ತದೆ. ಜಪಾನಿನ ಮೋಸೊ ಬಿದಿರು ಹಾಗಲ್ಲ. ಅದು ನೆಲದಡಿ ಬೇರು ಓಡಿಸಿ ಒಂದೊಂದು ಗಳವನ್ನೂ ಬಿಡಿ ಬಿಡಿಯಾಗಿ ಎಬ್ಬಿಸುತ್ತದೆ. ಕಂಬಗಳ ಹಾಗೆ ನಿಂತ ಗಳಗಳ ನಡುವೆ ನೋಟ ಒಳಗೆ ಹೋಗುತ್ತದೆ. ಅಭ್ಯಾಸಬಲದಿಂದ ಮೆಳೆ ಮಾಡಿಬಿಟ್ಟರೆ ಗುಡ್ಡ ಆಗುಂಬೆಯ ಕಡೆಯದಾಗುತ್ತದೆ.

ಅರ್ಧ ಮಿ.ಮೀ. ದಪ್ಪದ ಹಿತ್ತಾಳೆ ತಂತಿಯನ್ನು 8-9 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. ತುದಿಯ ಎರಡು ಸೆಂ.ಮೀ. ಭಾಗವನ್ನು ಬೆರಳಿನಿಂದ ಬಾಗಿಸಿ. ತಿಳಿಹಸಿರು ಬಣ್ಣ ಹಚ್ಚಿ, ಮೇಲಿನ ಅರ್ಧಕ್ಕೆ ಮಾತ್ರ ಎಲೆ ಹಿಡಿಸಿ. 6-7 ಮಿ.ಮೀ. ಅಂತರದಲ್ಲಿ ನೆಡಿ, ಕೆಲವು ಹಳಿಯ ಕಡೆ ಬಾಗಿರಲಿ. ಬಿದಿರಿನ ಎಲೆ ಹಳದಿಯಾಗುವುದು ವಸಂತದಲ್ಲಿ. ಸೆಪ್ಟೆಂಬರ್‌ನಲ್ಲಿ ಅದು ಹೊಸ ಹಸಿರಿನಲ್ಲಿ ಇರುತ್ತದೆ. ಪಕ್ಕದ ಸುಗಿಯ ಕಪ್ಪು ಹಸಿರಿಗೆ ಎದ್ದು ಕಾಣುತ್ತದೆ.

ಸುಗಿ ಜಪಾನಿನ ಸೀಡರ್. ಯುದ್ಧದ ನಂತರ ಗುಡ್ಡಗಳಲ್ಲೆಲ್ಲ ನೆಟ್ಟ ಮರ. ಹಾಗಾಗಿ ಒಂದೇ ವಯಸ್ಸು, ಒಂದೇ ಎತ್ತರ. 20 ಮೀಟರ್ ಅಂದರೆ 13 ಸೆಂ.ಮೀ. ಚಿಕ್ಕ ಹಲಗೆಗೆ ಅದು ಭಾರವಾಗುತ್ತದೆ. ನಾನು 10 ಸೆಂ.ಮೀ.ಗೆ ಇಳಿಸುತ್ತೇನೆ. ಮರದ ಆಕಾರಕ್ಕಿಂತ ಮುಖ್ಯವಾದದ್ದು ಕಾಡಿನ ಅಂಚು. ಬಿಸಿಲು ಬೀಳುವ ಅಂಚಿನಲ್ಲಿ ಪೊದೆ, ಕುಜು, ಇತರ ಬಳ್ಳಿ ಸೇರಿ ನೆಲದಿಂದ ಮೇಲಕ್ಕೆ ಪರದೆ ಕಟ್ಟಿರುತ್ತವೆ. ಮರಗಳ ಬುಡ ಹೊರಗಿನಿಂದ ಕಾಣುವುದೇ ಕಡಿಮೆ. ಹಿಂದಿನ ಸಾಲಿನ ಮರಗಳಿಗೆ ಮೇಲ್ಭಾಗ ಮಾತ್ರ ಮಾಡಿದರೂ ಸಾಕು.

ಹೆಜ್ಜೆ 9: ಮನುಷ್ಯರ ಗುರುತು

ಜಪಾನಿನಲ್ಲಿ ಹಳಿ ಪಕ್ಕ ಪ್ರತಿ 100 ಮೀಟರಿಗೆ ಒಂದು ದೂರದ ಗುರುತು ಇರುತ್ತದೆ. ನಮ್ಮ ಹಲಗೆ 90 ಮೀಟರ್. ಹಾಗಾಗಿ ಒಂದಕ್ಕಿಂತ ಜಾಸ್ತಿ ಬೇಡ. ಅದರ ಸುತ್ತ ಒಂದು ಗೇಣು ಹುಲ್ಲು ಕೊಯ್ದಿರಲಿ, ಓದಲಿಕ್ಕೇ ತಾನೇ ಅದನ್ನು ನಿಲ್ಲಿಸಿರುವುದು. ಗದ್ದೆಗೆ ಹೋಗುವ ಕಾಲುದಾರಿ ಹಳಿ ದಾಟುವಲ್ಲಿ ಗೇಟಿಲ್ಲದ ಸಣ್ಣ ಕ್ರಾಸಿಂಗ್ ಮಾಡಬಹುದು. ಹಳಿಗಳ ನಡುವೆ ಎರಡು ಹಲಗೆ, ಪಕ್ಕದಲ್ಲಿ ಹಳದಿ ಕಪ್ಪು ಪಟ್ಟೆಯ ಅಡ್ಡಗುರುತಿನ ಕಂಬ. ಹಳೆಯ ಸ್ಲೀಪರ್ ನೆಟ್ಟು ಮಾಡಿದ ಬೇಲಿ ಹಳ್ಳಿ ಸಾಲುಗಳಲ್ಲಿ ಮಾಮೂಲಿ.

ನಿಲ್ದಾಣ ಸೇರಿಸುವುದಾದರೆ ಪ್ಲಾಟ್‌ಫಾರಂ ತಗ್ಗಾಗಿರಲಿ. ಹಳೆಯ ಬೋಗಿಗಳ ಕಾಲದ ಪ್ಲಾಟ್‌ಫಾರಂ 760 ಮಿ.ಮೀ., ಅಂದರೆ ಮಾದರಿಯಲ್ಲಿ 5 ಮಿ.ಮೀ. ಎತ್ತರ. ಎಲೆಕ್ಟ್ರಿಕ್ ರೈಲಿಗೆಂದೇ ಕಟ್ಟಿದ್ದು 1100 ಮಿ.ಮೀ., ಅದು ಇಲ್ಲಿಗೆ ಹೊಂದುವುದಿಲ್ಲ. ಊರಿನವರು ನೋಡಿಕೊಳ್ಳುವ ಹೂವಿನ ಪಾತಿಯಲ್ಲಿ ಆ ವಾರಕ್ಕೆ ಕಾಸ್ಮಾಸ್ ಇರಬಹುದು. ಪ್ಲಾಟ್‌ಫಾರಂ ತುದಿಯ ಚೆರ್ರಿ ಮರಕ್ಕೆ ಗುಲಾಬಿ ಬೇಡ. ಕಪ್ಪು ಕಾಂಡ, ಅಗಲವಾದ ಕೊಂಬೆ, ಅರ್ಧ ಉದುರಿದ ಹಳದಿ ಹಸಿರು ಎಲೆ. ಬುಡದಲ್ಲಿ ಚೆನ್ನಾಗಿ ಒಣಗಿಸಿದ ಚಹಾ ಚರಟ ಉದುರಿಸಿದರೆ ತರಗೆಲೆಯಾಗುತ್ತದೆ.

ಬೇರೆ ವಾರ, ಬೇರೆ ಊರು ಬೇಕಾದರೆ

ಇದೇ ಕೊಮಿನಾತೊ ಸಾಲು ಮಾರ್ಚ್ ಕೊನೆಯಲ್ಲಿ ಹಳದಿಯೋ ಹಳದಿ. ನಾನೊಹಾನಾ, ಅಂದರೆ ಸಾಸಿವೆ ಜಾತಿಯ ಹೂವನ್ನು ಊರಿನವರು ಮತ್ತು ರೈಲಿನವರು ಸೇರಿ ಹಳಿ ಪಕ್ಕ ಬಿತ್ತುತ್ತಾರೆ. ಅದು 3ರಿಂದ 6 ಮಿ.ಮೀ. ಎತ್ತರ. ಆಗ ಗದ್ದೆ ಬರೀ ಮಣ್ಣು, ಕುಜು ಒಣಗಿದ ಕಂದು ಬಲೆ, ಸುಸುಕಿ ಹೋದ ವರ್ಷದ ಒಣಹುಲ್ಲು. ಚೆರ್ರಿ ಹೂ ಬಿಟ್ಟಿರುವಾಗ ಮರದಲ್ಲಿ ಎಲೆ ಇರುವುದಿಲ್ಲ. ಮೇ ತಿಂಗಳು ಹಿಡಿದರೆ ಗದ್ದೆಯಲ್ಲಿ ನೀರು, ಒಂದು ಮಿ.ಮೀ. ಸಸಿ.

ಉತ್ತರಕ್ಕೆ ಹೋದಷ್ಟೂ ಲೆಕ್ಕ ಬದಲಾಗುತ್ತದೆ. ಸೆಪ್ಟೆಂಬರ್ ಕೊನೆಯ ಅದೇ ವಾರ ಅಯಿಜು ಕಡೆಯ ತಾದಾಮಿ ಸಾಲಿನಲ್ಲಿ ಭತ್ತ ಇನ್ನೂ ಬಂಗಾರದ ಬಣ್ಣದಲ್ಲಿ ನಿಂತಿರುತ್ತದೆ. ಆಓಮೊರಿಯ ನೊಹೆಜಿಯಲ್ಲಿ ಹಳಿ ಪಕ್ಕ ಸುಗಿಯ ದಟ್ಟ ಸಾಲು ಇದೆ. ಅದನ್ನು ಹಿಮದಿಂದ ಹಳಿ ಕಾಯಲೆಂದೇ 1893ರಲ್ಲಿ ನೆಟ್ಟರು. ಹೊಕ್ಕೈಡೊ ಮಾಡುವುದಾದರೆ ಮೋಸೊ ಬಿದಿರು, ಹಿಗಾನ್‌ಬಾನ ಎರಡನ್ನೂ ಬಿಟ್ಟುಬಿಡಿ. ಅಲ್ಲಿ ಗಿಡ್ಡ ಸಾಸಾ ಬಿದಿರು, ಬಿಳಿ ತೊಗಟೆಯ ಬರ್ಚ್, ಶರತ್ಕಾಲದಲ್ಲಿ ಹಳದಿಯಾಗಿ ಸೂಜಿಯೆಲೆ ಉದುರಿಸುವ ಲಾರ್ಚ್, ಆಳೆತ್ತರ ಮೀರಿದ ಓಯಿತಾದೊರಿ ಅನ್ನುವ ಕಳೆ.

ಹೆಜ್ಜೆ 10: ರೈಲು ಓಡಿಸುವ ಮೊದಲು

ಒಂದು ದಿನ ಪೂರ್ತಿ ಒಣಗಲು ಬಿಡಿ. ಆಮೇಲೆ ವ್ಯಾಕ್ಯೂಮ್ ಕ್ಲೀನರ್ ಬಾಯಿಗೆ ಹಳೆಯ ಸಾಕ್ಸ್ ಬಟ್ಟೆ ಕಟ್ಟಿ, ಒಂದು ಗೇಣು ದೂರದಿಂದ ಸಡಿಲ ಎಳೆಗಳನ್ನು ಎಳೆದುಕೊಳ್ಳಿ. ಬಟ್ಟೆಯಲ್ಲಿ ಸಿಕ್ಕಿದ ಎಳೆ ಮತ್ತೆ ಬಳಸಬಹುದು. ಇದನ್ನು ಮಾಡದಿದ್ದರೆ ಎಳೆಗಳು ಎಂಜಿನ್ನಿನ ಗೇರಿಗೆ ಸುತ್ತಿಕೊಳ್ಳುತ್ತವೆ.

ನಿಜದ ಹಳಿಯಲ್ಲಿ, ಪ್ಲಾಟ್‌ಫಾರಂ ಬಿಟ್ಟರೆ, ನಡುಗೆರೆಯಿಂದ ಎರಡೂ ಕಡೆ 1.9 ಮೀಟರ್ ಒಳಗೆ ಯಾವುದೂ ಚಾಚಬಾರದು. ಮಾದರಿಯಲ್ಲಿ ಅದು ಸುಮಾರು 13 ಮಿ.ಮೀ. ರಟ್ಟಿನಲ್ಲಿ 26 ಮಿ.ಮೀ. ಅಗಲದ ಒಂದು ಚೌಕಟ್ಟು ಕತ್ತರಿಸಿ ಹಳಿಯ ಮೇಲೆ ಈ ತುದಿಯಿಂದ ಆ ತುದಿಗೆ ಜಾರಿಸಿ. ತಿರುವಿದ್ದರೆ ನಿಮ್ಮಲ್ಲಿರುವ ಅತಿ ಉದ್ದದ ಬೋಗಿಯನ್ನೂ ಕೈಯಲ್ಲಿ ತಳ್ಳಿ ನೋಡಿ. ತಾಗುವ ಸುಸುಕಿ, ಬಾಗಿದ ಬಿದಿರು ಎರಡನ್ನೂ ಕತ್ತರಿಯಿಂದ ನೇರವಾಗಿ ಕತ್ತರಿಸಿಬಿಡಿ. ಬಗ್ಗಿಸಿ ಸರಿಸಬೇಡಿ. ಅಲ್ಲಿಯವರೂ ಹಾಗೇ ಕತ್ತರಿಸುವುದು. ಕತ್ತರಿಸಿದ ಬಿದಿರಿನ ತುದಿಗೆ ಒಂದು ಚುಕ್ಕಿ ತಿಳಿ ಕಂದು ಬಣ್ಣ ಇಟ್ಟು, ಕೆಳಗೆ ಬಿದ್ದ ತುಂಡನ್ನು ಇನುಬಾಶಿರಿಯ ಅಂಚಿಗೆ ಅಂಟಿಸಿ.